ನೊಂದವರಿಗೆ ನೆಲೆಯಾಗಲಿ ನಮ್ಮ ಬಳಗ

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಇಂದು ಊರೂರಿನ ಶರಣ ಬಳಗಗಳು ವಾಟ್ಸ್‌ಆ್ಯಪ್‌ನಲ್ಲೂ ಸೇರುತ್ತಿವೆ. ಬೆಳಗಿನ ವಚನ, ಗೋಷ್ಠಿಯ ಸೂಚನೆ, ದಾಸೋಹದ ಲೆಕ್ಕ ಎಲ್ಲವೂ ಅಲ್ಲಿ ಬರುತ್ತವೆ. ಅದೇ ಬಳಗದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳು ಇರಬಹುದು, ಮನೆಯಲ್ಲಿ ಪೆಟ್ಟು ತಿನ್ನುವ ಸೊಸೆ ಇರಬಹುದು. ಒಂದು ದಿನ ಆಕೆ ಅಲ್ಲೇ ಬಾಯಿಬಿಟ್ಟರೆ ನಾವೇನು ಮಾಡುತ್ತೇವೆ?

ನಾನು ಕಂಡಂತೆ ಮೊದಲು ಬರುವುದು ಪ್ರಶ್ನೆಗಳು. ಯಾರವನು? ಸಾಕ್ಷಿ ಏನಿದೆ? ಇಷ್ಟು ದಿನ ಏಕೆ ಸುಮ್ಮನಿದ್ದೆ? ಕೇಳುವವರಿಗೆ ಅದು ಕುತೂಹಲ, ಆಕೆಗೆ ಮತ್ತೊಂದು ವಿಚಾರಣೆ. ಆಘಾತದ ನೆನಪು ಎಷ್ಟೋ ಸಲ ತುಣುಕು ತುಣುಕಾಗಿ ಬರುತ್ತದೆ. ಮಾತು ತಡವರಿಸಿತೆಂದು ಸುಳ್ಳೆನ್ನುವುದು ತರವಲ್ಲ. “ಹೇಳಿದ್ದು ಒಳ್ಳೆಯದಾಯಿತು, ನಿನ್ನ ಜೊತೆ ಇದ್ದೇವೆ” ಎಂದರೆ ಸಾಕು.

ಆಮೇಲೆ ಬರುವುದು ಫಾರ್ವರ್ಡ್ ಮಾಡುವ ಚಟ. “ನ್ಯಾಯ ಸಿಗಲಿ” ಎಂದು ಫೋಟೊ ಹಂಚುವವರೂ ಯೋಚಿಸಬೇಕು. ಹೆಸರು ಬಿಟ್ಟರೂ ಊರು, ಓಣಿ, ಶಾಲೆಯಿಂದ ಗುರುತು ಸಿಕ್ಕಿಬಿಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಗುರುತು ತಿಳಿಯುವಂಥ ವಿವರ ಪ್ರಕಟಿಸಿದವರಿಗೆ 2 ವರ್ಷದವರೆಗೆ ಸೆರೆವಾಸವಾಗಬಹುದು. ಇಷ್ಟಲಿಂಗ ಹಿಡಿಯುವ ಕೈಯೇ ಮೊಬೈಲನ್ನೂ ಹಿಡಿಯುತ್ತದೆ. ಪೂಜೆಯಲ್ಲಿರುವ ಎಚ್ಚರ ಇಲ್ಲಿಯೂ ಇರಲಿ.

ಹಾಗಾದರೆ ಮಾಡುವುದೇನು? ಪ್ರತಿ ಬಳಗದಲ್ಲಿ ಒಬ್ಬ ಹಿರಿಯ ಶರಣೆಯನ್ನು ಗೊತ್ತುಮಾಡೋಣ. ನೋವಿನ ಮಾತು ಬಂದ ಕೂಡಲೇ ಅವರು ಆಕೆಯೊಂದಿಗೆ ಪ್ರತ್ಯೇಕವಾಗಿ ಮಾತಾಡಲಿ. ಗುಂಪಿನಲ್ಲಿ ಸದಸ್ಯರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಅಪರಿಚಿತರನ್ನು ಸೇರಿಸಬಾರದು. ಕೆಣಕುವ ಸಂದೇಶವನ್ನು ಅಡ್ಮಿನ್ ಎಲ್ಲರ ಪಾಲಿಗೂ ಅಳಿಸಬಹುದು, ಅಳಿಸಲೇಬೇಕು. ಆರೋಪ ಹೊತ್ತವನು ನಮ್ಮ ನೆಂಟನಾದರೂ, ಮಠಕ್ಕೆ ಬೇಕಾದವನಾದರೂ ನಿಯಮ ಒಂದೇ. “ಮರ್ಯಾದೆ ಹೋಗುತ್ತದೆ, ರಾಜಿಯಾಗು” ಎಂದು ಆಕೆಯನ್ನು ಯಾರೂ ಒತ್ತಾಯಿಸಕೂಡದು.

ದೂರು ಕೊಡುವುದು ಬಿಡುವುದು ವಯಸ್ಕಳಾದ ಆಕೆಯ ತೀರ್ಮಾನ. ಆದರೆ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಲ್ಲಿ ಗುಟ್ಟಿನ ಭಾಷೆ ಕೊಡಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ತುರ್ತಿಗೆ 112. ಈ ನಂಬರುಗಳನ್ನು ಇಂದೇ ಗುಂಪಿನ ವಿವರಣೆಯಲ್ಲಿ ಬರೆದಿಡಿ. ಕೇಳಲು ಧೈರ್ಯವಿಲ್ಲದವಳೂ ಅದನ್ನು ಸದ್ದಿಲ್ಲದೆ ಓದಿಕೊಳ್ಳುತ್ತಾಳೆ.