ಬೀಗಕ್ಕಿಂತ ಮೊದಲು ಮೇನ್ ಸ್ವಿಚ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು 28 ವರ್ಷಗಳಿಂದ ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲೇ ಅನ್ನ ಕಂಡುಕೊಂಡವನು. ಈಗ ನಾವೆಲ್ಲ ಸೇರಿ ಶಾಲೆಗೊಂದು ಹೊಸ ಪ್ರಯೋಗಾಲಯ ಮಾಡಿಕೊಡಲು ಹೊರಟಿದ್ದೇವೆ. ಆ ಬಗ್ಗೆಯೇ ನಾಲ್ಕು ಮಾತು.

ನಮ್ಮ ವಿಜ್ಞಾನದ ಮೇಷ್ಟ್ರು ಸಂಜೆ ಲ್ಯಾಬಿಗೆ ಬೀಗ ಹಾಕುವ ಮೊದಲು ಮೇನ್ ಸ್ವಿಚ್ ಇಳಿಸುತ್ತಿದ್ದರು. ಅಲ್ಲಿ ಇದ್ದದ್ದು ಒಂದು ಬಲ್ಬು, ಒಂದು ಫ್ಯಾನು. “ಇಷ್ಟಕ್ಕೆ ಯಾಕೆ ಸಾರ್?” ಎಂದು ಕೇಳಿದ್ದೆ. “ಬೀಗ ಕಳ್ಳನಿಗೆ, ಮೇನು ಬೆಂಕಿಗೆ ಕಣೋ” ಎಂದಿದ್ದರು. ನಾವು ಹುಡುಗರು ನಕ್ಕಿದ್ದೆವು. ಆ ಮಾತಿನ ಬೆಲೆ ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೆಯ ವರ್ಷದಲ್ಲಿ.

ಒಂದು ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ಅರ್ಧ ಬಾಟಲಿ ಈಥರನ್ನು ಲ್ಯಾಬಿನ ಫ್ರಿಜ್ಜಿನಲ್ಲಿಟ್ಟು ಹೊರಟೆ. ಅದು ಮನೆಗಳಲ್ಲಿರುವಂಥ ಸಾಮಾನ್ಯ ಫ್ರಿಜ್ಜು. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿರಲಿಲ್ಲ. ಈಥರ್ 35 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕುದಿಯುವ ದ್ರವ. ಸೊನ್ನೆಗಿಂತ 45 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಫ್ರಿಜ್ಜಿನ ತಂಪು ಅದಕ್ಕೆ ಯಾವ ಲೆಕ್ಕ? ಇನ್ನು ಕಿಡಿ ಎಲ್ಲಿಂದ ಬಂತು? ಪಂಪ್‌ಸೆಟ್ಟಿನ ಸ್ಟಾರ್ಟರ್ ಒಳಗೆ ಕಿಡಿ ಹಾರುವುದನ್ನು ರೈತರೆಲ್ಲ ನೋಡಿದ್ದೀರಿ. ಫ್ರಿಜ್ಜಿನ ಥರ್ಮೋಸ್ಟಾಟ್ ಆನ್ ಆಗಿ ಆಫ್ ಆಗುವಾಗಲೂ ಅಂಥದೇ ಸಣ್ಣ ಕಿಡಿ ಏಳುತ್ತದೆ.

ರಾತ್ರಿ ಫ್ರಿಜ್ಜಿನ ಬಾಗಿಲು ಕಿತ್ತು ಎದುರಿನ ಗೋಡೆಗೆ ಬಡಿಯಿತು. ಓಡಿಬಂದ ಕಾವಲುಗಾರರು ನೀರು ಎರಚಲಿಲ್ಲ. ಮೊದಲು ಹೊರಗಿನ ಮೇನ್ ಇಳಿಸಿದರು, ಆಮೇಲೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಿಡಿದರು. ಲ್ಯಾಬ್ ಉಳಿಯಿತು, ಆದರೆ ಅವರ ಬಲಗೈ ಸುಟ್ಟಿತು. ಮರುದಿನ ಬಟ್ಟೆ ಸುತ್ತಿದ ಆ ಕೈ ನೋಡಿಯೂ “ಬಾಟಲಿ ಇಟ್ಟವನು ನಾನೇ” ಎಂದು ಹೇಳಲು ನನಗೆ ಸಂಜೆಯವರೆಗೂ ಬಾಯಿ ಬರಲಿಲ್ಲ.

ಶಾಲೆಯಲ್ಲಿ ಈಥರ್ ಇಲ್ಲದಿರಬಹುದು, ಸ್ಪಿರಿಟ್ ಇದ್ದೇ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ, ನೆಲದ ಮೇಲೆ ಹರಿದು ಪ್ಲಗ್ಗಿನವರೆಗೂ ಹೋಗಬಲ್ಲದು. ಆದ್ದರಿಂದ ಬಾಟಲಿಗಳು ಸ್ವಿಚ್ ಬೋರ್ಡಿನಿಂದ ದೂರ, ಬೇರೆ ಬೀರುವಿನಲ್ಲಿರಲಿ. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಸ್ವಿಚ್ಚಿನೊಳಗಿನ ತಾಮ್ರವನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಜೋಡಣೆ ಸಡಿಲವಾದಲ್ಲಿ ಶಾಖ ಹುಟ್ಟುತ್ತದೆ. ಆಮ್ಲದ ಕಪಾಟು ಮತ್ತು ಸ್ವಿಚ್ ಬೋರ್ಡು ಒಂದೇ ಗೋಡೆಯಲ್ಲಿ ಬೇಡ.

ಇನ್ನೊಂದು ಲೆಕ್ಕ ಮಕ್ಕಳಿಗೆ. 2000 ವ್ಯಾಟಿನ ಹಾಟ್ ಪ್ಲೇಟ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದರೆ? ಕರೆಂಟು ಎರಡು ಪಟ್ಟಾದರೆ ವೈರಿನ ಶಾಖ ನಾಲ್ಕು ಪಟ್ಟು. ಫ್ಯೂಸ್ ಹೋದಾಗ ದಪ್ಪ ತಾಮ್ರದ ತಂತಿ ಸುತ್ತುವುದು ನಮ್ಮೂರಿನ ಹಳೆಯ ಜಾಣತನ. ಹಾಗೆ ಮಾಡಿದರೆ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ವೈರು ಸುಡುತ್ತದೆ.

ನಮ್ಮ ದೇಣಿಗೆಯ ಪಟ್ಟಿ ನೋಡಿದೆ. ಸೂಕ್ಷ್ಮದರ್ಶಕ, ಗಾಜಿನ ಸಾಮಾನು, ಗೋಡೆಗೆ ದಾನಿಗಳ ಹೆಸರಿನ ಕಲ್ಲು, ಎಲ್ಲವೂ ಇವೆ. ವೈರಿಂಗ್ ಎಂಬ ಒಂದು ಸಾಲು ಇಲ್ಲ. ದಯವಿಟ್ಟು ಅದನ್ನು ಮೊದಲನೆಯ ಸಾಲಾಗಿ ಬರೆಯಿರಿ: ಹೊಸ ವೈರು, ಸರಿಯಾದ ಅರ್ಥಿಂಗ್, ಎಂಸಿಬಿ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಬಾಗಿಲ ಹೊರಗೆ ಕೈಗೆಟುಕುವ ಮೇನ್, ಪಕ್ಕದಲ್ಲೇ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದನ್ನು ಬಳಸುವುದನ್ನು ಶಿಕ್ಷಕರ ಜೊತೆಗೆ ಜವಾನರಿಗೂ ಕಲಿಸೋಣ. ನನ್ನ ಪಾಲಿನ ದೇಣಿಗೆ ಪೂರ್ತಿ ಈ ಸಾಲಿಗೇ ಇರಲಿ. ಕಲ್ಲಿನ ಮೇಲೆ ಹೆಸರು ಬೇಡ.

ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಅಂದು ನಕ್ಕಿದ್ದಕ್ಕೆ ಕ್ಷಮೆ ಇರಲಿ. ಹೊಸ ಲ್ಯಾಬಿನ ಮೇನ್ ಸ್ವಿಚ್ಚನ್ನು ಮೊದಲ ದಿನ ಸಂಜೆ ನೀವೇ ಇಳಿಸಬೇಕು. ಬೀಗವನ್ನು ನಾನು ಹಾಕುತ್ತೇನೆ.