ಗದ್ದೆ ನೀರಿನ ನೆಂಟಸ್ತಿಕೆ



ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಊರು ಈ ಕಿರುಗಾವಲು. ಕಾಳು, ತೆನೆ ನೋಡಿಯೇ ತಳಿ ಹೇಳಬಲ್ಲವರು ಈ ಸಭೆಯಲ್ಲಿದ್ದೀರಿ. ಆದರೆ ಅದೇ ಗದ್ದೆಯ ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಮುಂದೆ ಈ ಕಣ್ಣಳತೆ ನಡೆಯುವುದಿಲ್ಲ. ಅಲ್ಲಿ ರೂಪ ಒಂದು ಹೇಳಿದರೆ ವಂಶ ಇನ್ನೊಂದು ಹೇಳುತ್ತದೆ.

ನೀರಿನ ಮೇಲೆ ಕಟ್ಟುವ ನೀಲಿಹಸಿರು ಪಾಚಿಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಮಣಿಸರದಂತೆ ಪೋಣಿಸಿದ ಕೋಶಗಳು. ನಡುನಡುವೆ ದಪ್ಪ ಗೋಡೆಯ, ಬಣ್ಣ ಮಾಸಿದ ಒಂದೊಂದು ಕೋಶ. ಗಾಳಿಯ ಸಾರಜನಕವನ್ನು ಹಿಡಿದಿಡುವ ಕೆಲಸ ಅಲ್ಲೇ ನಡೆಯುವುದು. ಆಮ್ಲಜನಕ ನುಗ್ಗಿದರೆ ಕೆಲಸ ಕೆಡುತ್ತದೆ, ಅದಕ್ಕೇ ಆ ಗೋಡೆ. ಭತ್ತದ ಗದ್ದೆಗೆ ಇದರಿಂದಾಗುವ ಉಪಕಾರವನ್ನು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿಕೊಟ್ಟರು. ಹೆಸರಿಗೆ ಪಾಚಿಯಾದರೂ ಹುಟ್ಟಿನಿಂದ ಇದು ಬ್ಯಾಕ್ಟೀರಿಯಾ. ಇದರ ಪೂರ್ವಿಕರಲ್ಲೊಂದು ನೂರು ಕೋಟಿ ವರ್ಷಕ್ಕೂ ಹಿಂದೆ ಬೇರೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆಸಿತು. ಭತ್ತದ ಎಲೆಯ ಹಸಿರು ಆ ಅತಿಥಿಯದೇ.

ಕೆಸರಿಗೆ ಕಾಲಿಟ್ಟಾಗ ಬುಳುಬುಳು ಏಳುವ ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. ಅದನ್ನು ತಯಾರಿಸುವ ಜೀವಿಗಳನ್ನೂ ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದರು. 1977ರಲ್ಲಿ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಅವುಗಳ ಆರ್‌ಎನ್‌ಎಯನ್ನು ಹೋಲಿಸಿ ನೋಡಿದರು. ಅದು ಬೇರೆಯದೇ ವಂಶ ಎಂದು ತಿಳಿಯಿತು. ಇಂದು ಆ ವಂಶಕ್ಕೆ ಆರ್ಕಿಯಾ ಎನ್ನುತ್ತೇವೆ. ಅವು ಬ್ಯಾಕ್ಟೀರಿಯಾಗಳಿಗಿಂತ ನಮಗೇ ಹತ್ತಿರದ ನೆಂಟರು.

ಈ ವಂಶಾವಳಿ ಕಟ್ಟಿಕೊಂಡು ರೈತರಿಗೇನು ಎಂದು ನೀವು ಕೇಳಬಹುದು. ಅಡಿಕೆಯ ಕೊಳೆರೋಗವನ್ನು ನೋಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಆ ರೋಗ ತರುವ, ಕಾಯಿಯ ಮೇಲೆ ಬೆಳ್ಳಗೆ ಹಬ್ಬುವ ಫೈಟಾಫ್ತೊರಾವನ್ನು ಎಲ್ಲರೂ ಶಿಲೀಂಧ್ರವೆಂದೇ ನಂಬಿದ್ದರು. ಅದು ನಿಜವಾದ ಶಿಲೀಂಧ್ರವಲ್ಲ. ಕೆರೆಯ ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕೂರುವ ಏಕಕೋಶ ಡಯಾಟಮ್‌ಗಳ ದಾಯಾದಿ. ನಿಜವಾದ ಶಿಲೀಂಧ್ರಗಳೋ ಪ್ರಾಣಿಗಳ ಕಡೆಯ ನೆಂಟರು. ಭತ್ತದ ಬೆಂಕಿರೋಗ ತರುವುದು ಅಂಥದೊಂದು ಶಿಲೀಂಧ್ರ. ಎಲೆಯನ್ನು ಕೊರೆಯಲು ಅದಕ್ಕೊಂದು ಕಪ್ಪು ಬಣ್ಣ ಬೇಕು. ಟ್ರೈಸೈಕ್ಲಜೋಲ್ ಎಂಬ ಔಷಧಿ ಆ ಬಣ್ಣ ತಯಾರಾಗದಂತೆ ತಡೆಯುತ್ತದೆ. ಫೈಟಾಫ್ತೊರಾಕ್ಕೆ ಆ ಬಣ್ಣದ ಹಂಗೇ ಇಲ್ಲ. ಗದ್ದೆಯಲ್ಲಿ ಉಳಿದ ಔಷಧಿಯನ್ನು ತೋಟಕ್ಕೆ ಹೊಡೆದರೆ ದುಡ್ಡು ದಂಡ.

ತೆಂಗಿನ ಸುಳಿಕೊಳೆಗೂ ಫೈಟಾಫ್ತೊರಾ ಬಳಗವೇ ಕಾರಣ. ಅಂಗಡಿಯಲ್ಲಿ ಔಷಧಿ ಕೇಳುವ ಮೊದಲು, ರೋಗ ತಂದ ಜೀವಿ ಯಾವ ವಂಶದ್ದೆಂದು ಕೇಳಿ ತಿಳಿದುಕೊಳ್ಳಿ.