ನಮ್ಮ ಬೀದಿಯ ಹಾಡನ್ನು ಕೊಂದವರು ಯಾರು?

(ಚಂದ್ರಾ ಲೇಔಟ್‌ನ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಸಾಹಿತಿಯಲ್ಲ, ವಿದ್ವಾಂಸನೂ ಅಲ್ಲ. ಪಿಯುಸಿ ಓದಿ ಪ್ರೆಸ್ ನಡೆಸುವವನು. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ನಮ್ಮ ಚಂದ್ರಾ ಲೇಔಟ್, ವಿಜಯನಗರ, ಅತ್ತಿಗುಪ್ಪೆ, ನಾಗರಭಾವಿ ಬೀದಿಗಳಲ್ಲಿ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ನಡೆಯುತ್ತಿತ್ತು. ರಸ್ತೆಗೆ ಅಡ್ಡಲಾಗಿ ಪೆಂಡಾಲ್, ಬಾಡಿಗೆ ಕುರ್ಚಿ, ಕೀಬೋರ್ಡ್, ತಬಲಾ, ರಿದಂ ಪ್ಯಾಡ್, ನಾಲ್ಕೈದು ಗಾಯಕರು. ಅಣ್ಣಾವ್ರ ಹಾಡು ಬೇಕೆಂದು ಚೀಟಿ ಕಳಿಸಿದರೆ ಹಾಡುತ್ತಿದ್ದರು. ಭಾವಗೀತೆ, ಜಾನಪದ ಎಲ್ಲವೂ ಟಿಕೆಟ್ ಇಲ್ಲದೆ ಸಿಗುತ್ತಿತ್ತು. ಪಕ್ಕದ ಮನೆಯ ತಮಿಳರು, ತೆಲುಗರು ಕೂಡ ಬಂದು ಕೂತು ಕೇಳುತ್ತಿದ್ದರು. ಕನ್ನಡ ಕಲಿಸಲು ಅದಕ್ಕಿಂತ ಒಳ್ಳೆಯ ಶಾಲೆ ಯಾವುದಿತ್ತು?

ಇಂದು? ಒಂದು ಲ್ಯಾಪ್‌ಟಾಪ್, ಆಳೆತ್ತರದ ನಾಲ್ಕು ಸ್ಪೀಕರ್. ಡಿಜೆ! ಹತ್ತು ಕಲಾವಿದರ ಅನ್ನವನ್ನು ಒಂದು ಗುಂಡಿ ಕಿತ್ತುಕೊಂಡಿದೆ.

2018ರ ಜನವರಿಯಲ್ಲಿ, ಹಾಡು ಹಾಡಿಸಲು ಪೊಲೀಸ್ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಂದಿರಾನಗರದ ಪಬ್ಬುಗಳಲ್ಲಿ ಗಿಟಾರು ನಿಂತಿತು. ಬೆಂಗಳೂರಿನ ಸಂಗೀತವೇ ಸತ್ತಿತೆಂದು ಇಂಗ್ಲಿಷ್ ಪತ್ರಿಕೆಗಳು ಮರುಗಿದವು. ಮರುಗಲಿ, ತಪ್ಪಿಲ್ಲ. ಆದರೆ ನಮ್ಮ ಬೀದಿಯ ವೇದಿಕೆ ಮಲಗಿದಾಗ ಮರುಗಿದವರು ಯಾರು?

ವೇದಿಕೆಯ ಪ್ರಶ್ನೆ ಸಣ್ಣದೆಂದು ತಿಳಿಯಬೇಡಿ. 1962ರಲ್ಲಿ ಅನಕೃ ಬೀದಿಗಿಳಿದದ್ದು ಯಾವುದಕ್ಕೆ? ಬೆಂಗಳೂರಿನ ರಾಮೋತ್ಸವಗಳ ಸಂಗೀತ ವೇದಿಕೆಯಲ್ಲಿ ಕನ್ನಡದ ಕಲಾವಿದರಿಗೆ ಸಲ್ಲಬೇಕಾದ ಸ್ಥಾನಕ್ಕೆ! ಅದೇ ದಶಕದಲ್ಲಿ ಮ. ರಾಮಮೂರ್ತಿಯವರು ಹಳದಿ ಕೆಂಪು ಬಾವುಟ ಕೊಟ್ಟರು. ಅಂದು ವೇದಿಕೆಯಿತ್ತು, ನಮ್ಮವರಿಗೆ ಜಾಗವಿರಲಿಲ್ಲ. ಇಂದು ಬಾವುಟ ಇದೆ, ವೇದಿಕೆಯೇ ಇಲ್ಲ.

ಎಲ್ಲರೂ ಪೊಲೀಸರನ್ನು ದೂರುತ್ತಾರೆ. ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಅನುಮತಿ ಪಡೆದರೆ 10ರವರೆಗೆ ಹಾಡಬಹುದು. ಹಬ್ಬ, ಸಾಂಸ್ಕೃತಿಕ ಸಮಾರಂಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೂ ಸರ್ಕಾರ ಸಡಿಲಿಕೆ ಕೊಡಬಹುದು. ಹಾಗಾದರೆ ಹಾಡು ಯಾಕೆ ನಿಲ್ಲುತ್ತದೆ? ಆರು ಗಂಟೆಗೆಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗಳು ಬರುವುದು ಎಂಟಕ್ಕೆ. ಆಮೇಲೆ ಶಾಲು, ಹಾರ, ಪೇಟ, ಭಾಷಣ. ಗಾಯಕ ಮೈಕ್ ಹಿಡಿಯುವಾಗ ಒಂಬತ್ತೂವರೆ. ಹತ್ತಕ್ಕೆ ಪೊಲೀಸರು ಬರುತ್ತಾರೆ. ಹಾಡಿನ ಸಮಯ ತಿಂದವರು ಪೊಲೀಸರೋ, ನಾವೋ?

ಇನ್ನೊಂದು ಕಾರಣವನ್ನು ನನ್ನ ಪ್ರೆಸ್ಸಿನಲ್ಲೇ ಕಂಡಿದ್ದೇನೆ. ಹಿಂದೆ ಸಂಘದ ಹುಡುಗರು ಮೊದಲು ಅಚ್ಚು ಹಾಕಿಸುತ್ತಿದ್ದದ್ದು ರಸೀದಿ ಪುಸ್ತಕ. ಹತ್ತು ರೂಪಾಯಿ ಕೊಟ್ಟ ಮನೆಗೂ ನಂಬರ್ ಹಾಕಿದ ರಸೀದಿ. ಹಾಗಾಗಿ ಕಾರ್ಯಕ್ರಮ ಇಡೀ ಬೀದಿಯದ್ದು. "ನಮ್ಮ ದುಡ್ಡು, ನಮ್ಮ ಹಾಡು" ಎಂದು ಅಜ್ಜಿಯರೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಈಗ ರಸೀದಿ ಪುಸ್ತಕ ಕೇಳುವವರಿಲ್ಲ, ಫ್ಲೆಕ್ಸ್ ಕೇಳುತ್ತಾರೆ. ದುಡ್ಡು ಕೊಡುವವರು ಒಬ್ಬರು, ಫ್ಲೆಕ್ಸ್‌ನಲ್ಲಿ ಮುಖವೂ ಅವರದ್ದೇ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಆಗಿನ ಬಿಬಿಎಂಪಿ ಫ್ಲೆಕ್ಸ್ ನಿಷೇಧಿಸಿತು. ಮುಖಗಳು ಮಾತ್ರ ಮತ್ತೆ ಮತ್ತೆ ಏಳುತ್ತಲೇ ಇವೆ. ಒಬ್ಬರ ದುಡ್ಡಿನ ವೇದಿಕೆ ಆ ಒಬ್ಬರಿಗೇ ಕಾಯುತ್ತದೆ, ಗಾಯಕನಿಗಲ್ಲ.

ಕಹಿಯಾದರೂ ಹೇಳಬೇಕು. ರಸೀದಿ ಪುಸ್ತಕಕ್ಕೆ ಕೆಟ್ಟ ಹೆಸರು ತಂದವರೂ ನಮ್ಮ ನಡುವೆಯೇ ಇದ್ದಾರೆ. ಕನ್ನಡದ ಹೆಸರಲ್ಲಿ ಅಂಗಡಿ ಮುಂದೆ ನಿಂತು ಬೆದರಿಸಿದವರಿಂದ ಮನೆಗಳ ಬಾಗಿಲೂ ಮುಚ್ಚಿದವು. ಬೆದರಿಸಿ ತಂದ ಸಾವಿರಕ್ಕಿಂತ ನಕ್ಕು ಕೊಟ್ಟ ಹತ್ತು ರೂಪಾಯಿ ದೊಡ್ಡದು.

ಕೇಳುವವರಿಲ್ಲ ಎನ್ನಬೇಡಿ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಹಾಡಿದಾಗ ಜನಸಾಗರವೇ ಹರಿದು ಬಂದಿತ್ತು. ಕೇಳುವ ಕಿವಿ ಇದೆ. ಕೇಳಿಸುವ ವೇದಿಕೆ ಬೇಕು.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಮುಂದಿನ ರಾಜ್ಯೋತ್ಸವಕ್ಕೆ ಇಷ್ಟು ಮಾಡಿ. ಮನೆಮನೆಗೆ ಹೋಗಿ, ಕೊಟ್ಟಷ್ಟು ತೆಗೆದುಕೊಳ್ಳಿ, ರಸೀದಿ ಕೊಡಿ. ಆರೂವರೆಗೆ ಹಾಡು ಶುರುವಾಗಲಿ, ಯಾರು ಬರಲಿ ಬಿಡಲಿ. ಭಾಷಣ ಹತ್ತೇ ನಿಮಿಷ. ಡಿಜೆ ಬದಲು ನಮ್ಮ ಬಡಾವಣೆಯಲ್ಲೇ ಹಾಡುವ, ಬಾರಿಸುವ ಮಕ್ಕಳನ್ನು ಹತ್ತಿಸಿ. ಹತ್ತಕ್ಕೆ ಐದು ನಿಮಿಷ ಇರುವಾಗ ನಾವೇ ಮೈಕ್ ಆರಿಸೋಣ. ಮರುದಿನ ಜಮಾ ಖರ್ಚು ಅಚ್ಚು ಹಾಕಿಸಿ ಅದೇ ಜಾಗದಲ್ಲಿ ಅಂಟಿಸಿ.

ಪ್ರೆಸ್ಸಿನವನು ತನ್ನ ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಎಂದು ನಗಬೇಡಿ. ರಸೀದಿ ಪುಸ್ತಕಕ್ಕಿಂತ ಫ್ಲೆಕ್ಸ್‌ನಲ್ಲೇ ದುಡ್ಡು ಜಾಸ್ತಿ! ಆದರೆ ಫ್ಲೆಕ್ಸ್ ಹಾಡುವುದಿಲ್ಲ.

ಜೈ ಕರ್ನಾಟಕ! ಸಿರಿಗನ್ನಡಂ ಗೆಲ್ಗೆ!